ಸುಮ್ಮನೆ ಕೂತ ನಾಲ್ಕು ಎಳೆ

ಆಕೆಗೆ ಯಾಕಮ್ಮ ಎಂದು ಹೆಸರಿಟ್ಟವರು ಅವಳ ಮಾವ. ಹೊಸ ಸೊಸೆ ನಾಲ್ಕು ದಿನವಾದರೂ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದು ಲೋಕ ನಂಬಿದೆ. ಲೋಕಕ್ಕೇನು, ಏನು ಬೇಕಾದರೂ ನಂಬುತ್ತದೆ. ಈಕೆ ಬಂದ ಮರುದಿನವೇ ಬಚ್ಚಲಿನ ನಲ್ಲಿ ಯಾಕೆ ಉಲ್ಟಾ ತಿರುಗುತ್ತದೆ, ಅಡುಗೆಮನೆಯ ಕಿಟಕಿ ಯಾಕೆ ಅರ್ಧವೇ ತೆರೆಯುತ್ತದೆ, ಗೋಡೆ ಗಡಿಯಾರ ಯಾಕೆ ಮುಂದೆ ಓಡುತ್ತದೆ ಎಂದು ಕೇಳಿಕೊಂಡು ಮನೆಯೆಲ್ಲ ತಿರುಗಿದಳು. ಗಡಿಯಾರದ ಪ್ರಶ್ನೆಗೆ ಯಾರಾದರೂ ಉತ್ತರ ಹೇಳುವಷ್ಟರಲ್ಲಿ ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿಯೂ ಆಗಿತ್ತು.

"ಇವಳಿಗೆ ಊಟ ತಿಂಡಿ ಬೇಡಪ್ಪ, ಯಾಕೆ ಅಂದಿದ್ದಕ್ಕೆ ಉತ್ತರ ಕೊಟ್ರೆ ಹೊಟ್ಟೆ ತುಂಬುತ್ತೆ," ಎಂದರು ಮಾವ. ಅಂದಿನಿಂದ ಅವಳು ಯಾಕಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಮನೆ ರೈಲುಡಬ್ಬಿಯ ಹಾಗೆ ಉದ್ದ. ಬೀದಿಯ ಕಡೆಗೆ ಮುಂದಿನ ಕೋಣೆ, ಅದರ ಹಿಂದೆ ಮಲಗುವ ಕೋಣೆ, ಆಮೇಲೆ ಅಡುಗೆಮನೆ, ಅದನ್ನೂ ದಾಟಿದರೆ ಹಿತ್ತಿಲಿಗೆ ಅಂಟಿಕೊಂಡ ಕೊನೆಯ ಕೋಣೆ. ಗೋಡೆಗಳು ಒಂದೊಂದೂ ಮೊಳದಪ್ಪ. ಗಂಡ ಎರಡು ಬೀದಿ ಆಚೆಯ ಅಂಗಡಿಯಲ್ಲಿ ಕಟ್ಟುಹಲ್ಲು ಮಾಡುವವನು. ಕೆಲಸ ಉಳಿದರೆ ಪ್ಲಾಸ್ಟರಿನ ದವಡೆಗಳನ್ನು ಟ್ರೇಯಲ್ಲಿಟ್ಟುಕೊಂಡು ಮನೆಗೇ ತರುತ್ತಿದ್ದ. "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಇಬ್ಬರ ಮಧ್ಯೆ ನನ್ನ ಸಂಸಾರ ನಡೀತಿದೆ," ಎನ್ನುವುದು ಅವನ ಹಳೆಯ ಜೋಕು. ಯಾರೂ ನಗದಿದ್ದರೂ ಹೇಳುತ್ತಿದ್ದ. ಮಾವ ಟೆಲಿಫೋನಿನ ಲೈನ್‌ಮನ್ ಆಗಿ ಕಂಬ ಹತ್ತಿ ಹತ್ತಿ ಮಂಡಿ ಸವೆಸಿಕೊಂಡು ನಿವೃತ್ತರಾದವರು. ಊರಿನ ಅರ್ಧ ಜಗಳ, ಅರ್ಧ ಪ್ರೀತಿ ತನ್ನ ತಂತಿಯಲ್ಲೇ ಹರಿದದ್ದು ಎಂಬ ಹೆಮ್ಮೆ ಅವರಿಗಿತ್ತು.

ಇನ್ನು ಅತ್ತೆ. ಅತ್ತೆಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕೊನೆಯ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆಮಕ್ಕಳ ಅಂಗಿ ಹೊಲಿಯುತ್ತಿದ್ದರು. ಕಿವಿ ಕೇಳದವರ ಹಿಂದೆ ನಿಂತು ಹೆಗಲು ಮುಟ್ಟಿದರೆ ಅವರು ಬೆಚ್ಚಿಬೀಳುತ್ತಾರೆ. ಹೊಲಿಯುವಾಗ ಬೆಚ್ಚಿದರೆ ಸೂಜಿ ಬೆರಳಿಗೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಗಾಯಿತು. ಹೆಂಡತಿಯ ಬೆರಳಿನ ರಕ್ತ ನೋಡಿದ ಮಾವ ಮರುದಿನವೇ ಬೀದಿಬಾಗಿಲ ಪಕ್ಕದಲ್ಲಿ ಒಂದು ಸ್ವಿಚ್ಚು ಕೂರಿಸಿ, ಕೊನೆಯ ಕೋಣೆಯಲ್ಲಿ ಮಿಷನ್ನಿನ ಮೇಲೆ ಒಂದು ಪುಟ್ಟ ಕೆಂಪು ಬಲ್ಬು ಹಾಕಿದರು. ಒತ್ತಿ ಹಿಡಿದರೆ ಯಾರೋ ನೆಂಟರು. ಟಕ್ ಟಕ್ ಎಂದು ಎರಡು ಸಲ ಒತ್ತಿದರೆ ನಾನು, ನಿನ್ನ ಗಂಡ.

ಬಲ್ಬು ಎರಡು ಸಲ ಮಿಟುಕಿದ್ದೇ ತಡ, ಅತ್ತೆ ಎದ್ದು ಸೀರೆಗೆ ಅಂಟಿದ ದಾರ ಕೊಡವಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವರು. ಎಡಗೈಯ ಮಣಿಕಟ್ಟಿಗೆ ಬೆರಳಲ್ಲಿ ಬಡಿದು, ಹುಬ್ಬು ಏರಿಸುವರು. ಯಾಕೆ ತಡ? ಮಾವ ಬೇಗ ಬಂದರೂ ಅದೇ, ತಡವಾಗಿ ಬಂದರೂ ಅದೇ. ಮಾವ ಚೀಲ ಕೆಳಗಿಟ್ಟು, ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಪಕ್ಕಕ್ಕೆ ಉರುಳಿಸುವರು. ಕಂಬ ಬಿದ್ದಿತ್ತು. ಭಾನುವಾರ ಕ್ಷೌರ ಮಾಡಿಸಿಕೊಂಡು ಬಂದ ದಿನವೂ ಕಂಬ ಬಿದ್ದಿತ್ತು. ಅತ್ತೆ ಸದ್ದಿಲ್ಲದೆ ಮೈಯೆಲ್ಲ ಕುಲುಕಿಸಿ ನಗುವರು. ಅವರ ಮನೆಯಲ್ಲಿ ನಮಸ್ಕಾರ, ಕುಶಲ, ಮುದ್ದು ಎಲ್ಲವೂ ಅಷ್ಟರಲ್ಲಿ ಮುಗಿಯುತ್ತಿತ್ತು.

ಯಾಕಮ್ಮ ಅತ್ತೆಯ ಕಾಲ ಬಳಿ ಕೂತು ಕೈಮಾತು ಕಲಿತಳು. ಮೊದಲು ಕಲಿತ ಪದ ಯಾವುದೆಂದು ಬೇರೆ ಹೇಳಬೇಕೇ? ಅತ್ತೆಗೂ ಅಂಥ ಸೊಸೆಯೇ ಬೇಕಿತ್ತು. ಅಷ್ಟು ವರ್ಷ ಯಾರೂ ಅವರನ್ನು ಯಾಕೆ ಎಂದು ಕೇಳಿರಲಿಲ್ಲ. ಎಲ್ಲರೂ ಬರೀ ಏನು ಬೇಕು ಎಂದು ಕೇಳುತ್ತಿದ್ದರು. ಮನೆಯ ಕೈಮಾತು ಸಾಲದೆ ಯಾಕಮ್ಮ ತರಗತಿಗೆ ಹೋದಳು, ಪರೀಕ್ಷೆ ಕಟ್ಟಿದಳು, ಕೊನೆಗೆ ಕೈಮಾತಿನ ದುಭಾಷಿಯಾಗಿ ಕೆಲಸಕ್ಕೇ ಸೇರಿದಳು. ಕಿವುಡರು ಡಾಕ್ಟರ ಹತ್ತಿರವೋ ವಕೀಲರ ಹತ್ತಿರವೋ ಹೋದಾಗ ಅಲ್ಲಿನ ಪರದೆಯ ಮೇಲೆ ಇವಳು ಕಾಣಿಸುತ್ತಾಳೆ. ಅವರ ಕೈ ನೋಡಿ ಬಾಯಲ್ಲಿ ಹೇಳುತ್ತಾಳೆ, ಇವರ ಬಾಯಿ ಕೇಳಿ ಕೈಯಲ್ಲಿ ಹೇಳುತ್ತಾಳೆ.

ಅತ್ತೆ ತೀರಿಕೊಂಡ ಮೇಲೆ ಕೊನೆಯ ಕೋಣೆಗೆ ಬಹಳ ದಿನ ಬೀಗ ಬಿದ್ದಿತ್ತು. ಯಾಕಮ್ಮನಿಗೆ ಮನೆಯಿಂದಲೇ ಕೆಲಸ ಎಂದಾದಾಗ ಮಾವನೇ ಬೀಗದ ಕೈ ತಂದು ಕೊಟ್ಟರು. "ಅವಳು ಕಲಿಸಿದ ಮಾತಿನ ಕೆಲಸಾನೇ ಅಲ್ವಾ, ಅಲ್ಲೇ ಕೂತ್ಕೋ," ಎಂದರು. ಕೊಟ್ಟರು, ಆದರೆ ತಾವು ಮಾತ್ರ ಅಡುಗೆಮನೆ ದಾಟಿ ಒಳಗೆ ಕಾಲಿಡಲಿಲ್ಲ. ಯಾಕಮ್ಮ ಮಿಷನ್ನನ್ನು ಮೂಲೆಗೆ ಸರಿಸಿ, ಗೋಡೆಗೆ ಉದ್ದಕ್ಕೂ ಕಡುನೀಲಿ ಬಟ್ಟೆ ಇಳಿಬಿಟ್ಟಳು. ಹಿಂದೆ ಏನೂ ಇಲ್ಲದಿದ್ದರೆ ಮಾತ್ರ ಕೈ ಸ್ಪಷ್ಟ ಕಾಣುವುದು. ಆ ಮನೆಯ ಗೋಡೆಗಳನ್ನು ತೂರಿಕೊಂಡು ಬರುವ ತಾಕತ್ತು ಯಾವ ವೈಫೈಗೂ ಇರಲಿಲ್ಲವಾದ್ದರಿಂದ ಗಂಡ ಎರಡು ಬಿಳಿ ಡಬ್ಬಿ ತಂದ. ಮೆಶ್ ಅನ್ನುತ್ತಾರಂತೆ. ಒಂದು ಮುಂದಿನ ಕೋಣೆಯಲ್ಲಿ, ಒಂದು ಕೊನೆಯ ಕೋಣೆಯಲ್ಲಿ, ಎರಡರ ನಡುವೆ ಗೋಡೆಯೊಳಗೆ ಒಂದು ಕೇಬಲ್ಲು. ಆ ಕೇಬಲ್ಲು ಮೊದಲೇ ಇತ್ತು. ಅತ್ತೆ ಹೊಲಿಯುತ್ತ ತಂಗಿಯ ಜೊತೆ ವೀಡಿಯೋದಲ್ಲಿ ಕೈಮಾತಾಡಲಿ ಎಂದು ಮಾವ ತಮ್ಮ ಕೈಯಾರೆ ಎಳೆದದ್ದು ಅದು.

ಇಷ್ಟು ಹಿನ್ನೆಲೆ ಸಾಕು. ಈಗ ಬೇಕರಿಯವನ ಹೆಂಡತಿಯ ವಿಷಯಕ್ಕೆ ಬರೋಣ.

ಬೇಕರಿಯವನ ಹೆಂಡತಿಗೂ ಕಿವಿ ಕೇಳದು. ಎರಡನೆಯ ಬಸುರಿ. ತಿಂಗಳ ತಿಂಗಳ ತಪಾಸಣೆಗೆಲ್ಲ ಪರದೆಯ ಮೇಲೆ ಯಾಕಮ್ಮನೇ ಇರುತ್ತಿದ್ದಳು. ಮೊದಲ ಹೆರಿಗೆಯಲ್ಲಿ ಬೇರೆ ಯಾರೋ ದುಭಾಷಿ. ನಡುವೆ ಪರದೆಯ ಮೇಲೆ ಆ ದುಭಾಷಿಯ ಚಿತ್ರ ನಿಂತೇ ಹೋಯಿತು. ಮುಖಕ್ಕೆ ಮಾಸ್ಕ್ ಹಾಕಿದವರು ಸುತ್ತ ಓಡಾಡಿದರು, ಯಾರೋ ಮೈಮುಟ್ಟಿದರು, ಯಾರೋ ಸೂಜಿ ಚುಚ್ಚಿದರು, ಮಗುವನ್ನು ಎತ್ತಿಕೊಂಡು ಎಲ್ಲಿಗೋ ಹೋದರು. ಮಗು ಬದುಕಿದೆ ಎಂದು ತಿಳಿಯುವ ತನಕ ಆ ಹೆಂಗಸು ಒಬ್ಬಳೇ ಚಾವಣಿ ನೋಡುತ್ತ ಮಲಗಿದ್ದಳು. "ಈ ಸಲ ನಿನ್ನ ಕೈ ನನ್ನ ಕಣ್ಣ ಮುಂದೆ ಇರಬೇಕು, ಮಾತು ಕೊಡು," ಎಂದು ಆಕೆ ಕೈಯಲ್ಲಿ ಕೇಳಿದಳು. ಯಾಕಮ್ಮ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟಳು.

ಮಾತು ಕೊಡುವುದು ಸುಲಭ. ಹೆರಿಗೆ ಕೋಣೆಗೆ ದುಭಾಷಿಯನ್ನು ಕೂರಿಸುವ ಮೊದಲು ಅವರ ಲೈನನ್ನು ಪರೀಕ್ಷೆ ಮಾಡಬೇಕೆಂದು ಅವಳು ಕೆಲಸ ಮಾಡುವ ಕೇಂದ್ರದ ನಿಯಮ. ಅಲ್ಲಿನ ಇಂಜಿನಿಯರ್ ಹುಡುಗಿ ಫೋನ್ ಮಾಡಿದಳು.

"ಮೇಡಂ, ಮುಂದಿನ ರೂಮಲ್ಲಿ ಸ್ಪೀಡು ಎಷ್ಟು ಬರುತ್ತೆ?"

"ಐನೂರರ ಹತ್ತಿರ."

"ನೀವು ಕೂರೋ ರೂಮಲ್ಲಿ?"

"ತೊಂಬತ್ತು ಚಿಲ್ಲರೆ. ಯಾವಾಗ ನೋಡಿದ್ರೂ ಅಷ್ಟೇ. ಯಾಕೆ?"

"ಡಬ್ಬಿಗಳ ಮಧ್ಯೆ ವೈರ್ ಇದ್ಯಲ್ಲ, ಬ್ಯಾಕ್‌ಹಾಲ್ ಅಂತೀವಿ, ಅದೇ ನಿಮ್ಮ ನೆಟ್‌ವರ್ಕಿನ ಬೆನ್ನುಮೂಳೆ. ಅದೇ ಸರಿಯಾಗಿ ಹೊರ್ತಿಲ್ಲ. ಆಸ್ಪತ್ರೆಗೆ ಮುನ್ನೂರು ದಾಟಲೇಬೇಕು ಮೇಡಂ. ಇನ್ನೊಂದು ವಿಷಯ. ನಿಮ್ಮ ಲೈನು ದಿನಾ ಸಾಯಂಕಾಲ ಒಂದು ಸಲ ಕಡಿಯುತ್ತೆ. ಕಡಿಯೋದು ಕ್ಷಣ ಮಾತ್ರ, ಚಿತ್ರ ವಾಪಸ್ ಬರೋಕೆ ಅರ್ಧ ನಿಮಿಷ ಆಗುತ್ತೆ. ಶುಕ್ರವಾರ ಸಾಯಂಕಾಲ ಪರೀಕ್ಷೆ. ಅಷ್ಟರೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಆ ಕೇಸಿಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ."

ಅರ್ಧ ನಿಮಿಷ! ಹೆರಿಗೆಯ ಮಂಚದ ಮೇಲೆ ಅರ್ಧ ನಿಮಿಷ ಅಂದರೆ ಏನೆಂದು ಹೆತ್ತವಳಿಗೆ ಗೊತ್ತು. ಆದರೆ ನಿಜ ಹೇಳಬೇಕೆಂದರೆ, ಹೆದರಿಕೆಯ ಪಕ್ಕದಲ್ಲೇ ಅವಳ ಹಳೆಯ ಹುಳವೂ ಕೊರೆಯಲು ಶುರುಮಾಡಿತು. ಮುಂದೆ ಐನೂರು, ಹಿಂದೆ ತೊಂಬತ್ತು. ಎಂಬತ್ತಲ್ಲ, ನೂರೈವತ್ತಲ್ಲ. ಯಾಕೆ?

ಶುರುವಾಯಿತು ನೋಡಿ. ಮೊದಲು ಎರಡು ಡಬ್ಬಿಗಳನ್ನು ಅದಲುಬದಲು ಮಾಡಿದಳು. ಅದೇ ತೊಂಬತ್ತು ಚಿಲ್ಲರೆ. ಹಾಗಾದರೆ ಡಬ್ಬಿಗಳ ತಪ್ಪಲ್ಲ. ಡಬ್ಬಿಯಿಂದ ಗೋಡೆಗೆ ಹೋಗುವ ಗಿಡ್ಡ ವೈರುಗಳನ್ನು ಬದಲಿಸಿದಳು. ಅದೇ. ಡಬ್ಬಿಯ ಹಿಂದೆ ವೈರು ಚುಚ್ಚುವ ತೂತಿನ ಪಕ್ಕದಲ್ಲಿ ಸಾಸಿವೆಯಷ್ಟು ದೀಪವೊಂದಿತ್ತು. ಇಂಟರ್ನೆಟ್ಟು ಒಳಬರುವ ಕಡೆ ಅದು ಹಸಿರಾಗಿ ಉರಿಯುತ್ತಿದ್ದರೆ, ಗೋಡೆಯ ಕೇಬಲ್ಲಿನ ಕಡೆ ಕಿತ್ತಳೆಯಾಗಿ ಉರಿಯುತ್ತಿತ್ತು. "ಓಹೋ, ನಿನಗೆ ಗೊತ್ತು, ಆದ್ರೆ ಬಾಯಿ ಬಿಡಲ್ಲ," ಎಂದು ಅದಕ್ಕೆ ಬೈದಳು. ಕೊನೆಗೆ ಗಂಡನ ಅಂಗಡಿಯಿಂದ ಉದ್ದನೆಯ ಕೇಬಲ್ಲೊಂದನ್ನು ಕೇಳಿ ತರಿಸಿ, ಮುಂದಿನಿಂದ ಹಿಂದಿನವರೆಗೆ ನೆಲದ ಮೇಲೆಯೇ ಹಾಸಿ ಎರಡು ಡಬ್ಬಿಗೂ ಚುಚ್ಚಿದಳು. ಸ್ಪೀಡು ಬರೋಬ್ಬರಿ ಏರಿತು. ದೀಪ ಹಸಿರಾಯಿತು.

"ಸಿಕ್ತಲ್ಲ, ಇದನ್ನೇ ಹೀಗೇ ಬಿಟ್ರಾಯ್ತು," ಎನ್ನುತ್ತ ಗಂಡ ಟ್ರೇ ಹಿಡಿದು ಅಡುಗೆಮನೆಯ ಹೊಸಿಲು ದಾಟಿದ. ಕೇಬಲ್ಲು ಕಾಲಿಗೆ ತೊಡರಿತು. ಪ್ಲಾಸ್ಟರಿನ ದವಡೆಗಳು ನಾಲ್ಕು ದಿಕ್ಕಿಗೂ ಹಾರಿದವು. ಒಂದು ದವಡೆ ಒಲೆಯ ಕೆಳಗೆ ಹೋಗಿ ಹಲ್ಲು ಕಿರಿದುಕೊಂಡು ಕೂತಿತು.

"ಹೀಗೇ ಬಿಟ್ರೆ ಮಾವನಿಗೂ ಹೀಗೇ ಆಗುತ್ತೆ. ಅವರ ಮಂಡಿಗೆ ನೀವು ಹಲ್ಲು ಕಟ್ಟೋಕಾಗಲ್ಲ," ಎಂದಳು ಯಾಕಮ್ಮ. "ಅದೂ ಅಲ್ದೆ, ಗೋಡೆ ಒಳಗಿನದಕ್ಕೆ ಏನಾಗಿದೆ ಅಂತ ಗೊತ್ತಾಗೋದು ಬೇಡ್ವಾ?"

ಮುಂದಿನ ಕೋಣೆಯಲ್ಲಿ ಕೂತಿದ್ದ ಮಾವನಿಗೆ ಈ ಮಾತು ಕೇಳಿಸಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವರು ಅವರು. ತನ್ನ ತಂತಿಯ ವಿಷಯದಲ್ಲಂತೂ ಆ ಮೊಲಕ್ಕೆ ಕಾಲೇ ಬೇಕಿರಲಿಲ್ಲ.

"ನಾನು ಎಳೆದ ತಂತಿಗೆ ದೋಷ ಹೇಳ್ತೀಯಾ? ಬಿರುಗಾಳಿಲಿ ಮರ ಬಿದ್ರೂ ನನ್ನ ಲೈನು ಬೀಳ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

"ನಾನು ಕುಣಿಯೋಕೆ ರೆಡಿ ಮಾವ. ನೆಲ ಒಂದ್ಸಲ ನೋಡ್ಬಿಡ್ಲಾ?"

"ಮುಟ್ಬೇಡ," ಎಂದರು ಮಾವ. ದನಿ ಸ್ವಲ್ಪ ಹೆಚ್ಚೇ ಗಡುಸಾಗಿತ್ತು. ಅದಾದ ಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ವಾಕಿಂಗಿಗೆ ಹೊರಟುಹೋದರು.

ಮುಟ್ಟಬೇಡ ಎಂದಮೇಲೆ ಸೊಸೆ ಮುಟ್ಟಲಿಲ್ಲ. ಹಾಸಿದ ಕೇಬಲ್ಲನ್ನು ಸುತ್ತಿಟ್ಟು, ಸಂಜೆ ಕಡಿಯುವ ಕಥೆಯ ಬೆನ್ನು ಹತ್ತಿದಳು. ಒಂದು ಸಂಜೆ ಫ್ರಿಜ್ ಆರಿಸಿ ನೋಡಿದಳು, ಚಿತ್ರ ನಿಂತಿತು. ಮರುದಿನ ನೀರಿನ ಪಂಪು ಆರಿಸಿದಳು, ಆಗಲೂ ನಿಂತಿತು. ಪಕ್ಕದ ಮನೆಯವರಿಗೆ ಹೇಳಿ ಅವರ ಇಸ್ತ್ರಿಪೆಟ್ಟಿಗೆಯನ್ನೂ ನಿಲ್ಲಿಸಿದಳು. ಅವರು ಮುಖ ಮುಖ ನೋಡಿಕೊಂಡರು, ಚಿತ್ರ ಮಾತ್ರ ತನ್ನ ಪಾಡಿಗೆ ತಾನು ನಿಂತಿತು. ಅಷ್ಟರಲ್ಲಿ ಮಾವನಿಗೆ ನೆಗಡಿ, ಮೈಕೈ ನೋವು. ಎರಡು ದಿನ ಹೊದ್ದು ಮಲಗಿದರು. ಆ ಎರಡು ಸಂಜೆ ಲೈನು ಕಡಿಯಲೇ ಇಲ್ಲ. ತಾನಾಗೇ ಸರಿಹೋಯಿತೆಂದು ಯಾಕಮ್ಮ ಖುಷಿಪಟ್ಟಳು. ಬುಧವಾರ ಮಾವ ಚೇತರಿಸಿಕೊಂಡು ವಾಕಿಂಗಿಗೆ ಹೋದರು. ಬಂದರು. ಅವರ ಚಪ್ಪಲಿಯ ಸದ್ದು, ಚಿತ್ರ ಗಕ್ಕನೆ ನಿಂತದ್ದು, ಎರಡೂ ಒಟ್ಟಿಗೇ.

"ಅಯ್ಯೋ ಶಿವನೇ, ಮಾವನ ಚಪ್ಪಲಿಗೂ ಇಂಟರ್ನೆಟ್ಟಿಗೂ ಏನು ನೆಂಟಸ್ತಿಕೆ!"

ಗುರುವಾರ ಬೆಳಿಗ್ಗೆ, ಲೈನಿನಲ್ಲಿ ಕೆಲಸ ಶುರುವಾಗುವ ಮೊದಲು, ಮಾವ ಹಾಲು ತರಲು ಹೋದ ಹೊತ್ತು ನೋಡಿ, ಗಂಡನನ್ನು ಕೊನೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಿಸಿ, "ಕಡಿದ್ರೆ ಕೂಗಿ," ಎಂದು ಹೇಳಿ ತಾನು ಬೀದಿಗೆ ಹೋದಳು. ಮಾವ ಬರುವ ಹಾಗೆಯೇ ಬಂದಳು. ಗೇಟು ತೆಗೆದು ಚಿಲಕ ಹಾಕಿದಳು. ಮೆಟ್ಟಿಲ ಮೇಲೆ ಕಾಲು ಒರೆಸಿದಳು. ಮಾವನ ಹಾಗೆಯೇ ಗಂಟಲು ಕೆರೆದು ಕೆಮ್ಮಿದಳು ಕೂಡ. ಎದುರುಮನೆಯ ಕಿಟಕಿಯಲ್ಲೊಂದು ತಲೆ ಕಾಣಿಸಿಕೊಂಡು ಮರೆಯಾಯಿತು. ಒಳಗಿಂದ ಕೂಗಿಲ್ಲ. ಆಗ ಬಾಗಿಲ ಪಕ್ಕದ ಹಲಗೆ ಕಣ್ಣಿಗೆ ಬಿತ್ತು. ಕರೆಗಂಟೆಯ ಬಿಳಿ ಗುಂಡಿಯ ಪಕ್ಕದಲ್ಲಿ ಕಂದುಬಣ್ಣದ ಹಳೆಯ ಸ್ವಿಚ್ಚು. ಸತ್ತ ಸ್ವಿಚ್ಚೆಂದು ಎಲ್ಲರೂ ಮರೆತದ್ದು. ಹಲಗೆಯ ಮೇಲೆಲ್ಲ ಬೀದಿಯ ಧೂಳು ಕೂತಿತ್ತು. ಆ ಸ್ವಿಚ್ಚಿನ ನೆತ್ತಿ ಮಾತ್ರ ಫಳಫಳ ಹೊಳೆಯುತ್ತಿತ್ತು.

ಯಾಕಮ್ಮ ಒತ್ತಿದಳು. ಟಕ್ ಟಕ್.

"ಹೋಯ್ತು! ಹೋಯ್ತು!" ಎಂದು ಒಳಗಿಂದ ಗಂಡ ಅರಚಿದ.

ಆಮೇಲೆ ಮಾವನ ಮಾತು ಮೀರಿದಳು, ತಪ್ಪೋ ಸರಿಯೋ. ಸ್ಕ್ರೂಡ್ರೈವರ್ ಹಿಡಿದು ಕೊನೆಯ ಕೋಣೆಯ ಗೋಡೆಯ ಸಾಕೆಟ್ಟನ್ನು ಬಿಚ್ಚಿದಳು. ಕೇಬಲ್ಲಿನೊಳಗೆ ಎಂಟು ತೆಳುವಾದ ಎಳೆಗಳು, ಎರಡೆರಡು ಜಡೆ ಹೆಣೆದಂತೆ. ನಾಲ್ಕು ಎಳೆ ಸಾಕೆಟ್ಟಿಗೆ ಹೋಗಿದ್ದವು. ಉಳಿದ ನಾಲ್ಕನ್ನು ಯಾರೋ ಅಚ್ಚುಕಟ್ಟಾಗಿ ಬೇರ್ಪಡಿಸಿ, ಇನ್ನೊಂದು ವೈರಿಗೆ ಕಟ್ಟಿ, ಗೋಡೆಯ ಮೇಲಕ್ಕೆ ಹತ್ತಿಸಿದ್ದರು. ಅದರ ಬೆನ್ನು ಹತ್ತಿ ನೀಲಿ ಬಟ್ಟೆಯನ್ನು ಎತ್ತಿದಳು. ಕರೆಂಟು ಬಂದರೆ ತಾನಾಗೇ ಒತ್ತಿಕೊಳ್ಳುವ ಸ್ವಿಚ್ಚು, ಹಳೆಯ ಟೆಲಿಫೋನಿನ ರಿಲೇ ಒಂದು, ಅದರ ಮೇಲೆ ಪುಟ್ಟ ಕೆಂಪು ಬಲ್ಬು.

"ರೀ, ಹೋಗಿ ಆ ಸ್ವಿಚ್ಚು ಒತ್ತಿ."

ಗಂಡ ಹೋಗಿ ಒತ್ತಿದ. ರಿಲೇ ಕಟಕ್ಕೆಂದಿತು. ಬಲ್ಬು ಹತ್ತಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು. ತಾನು ಕೈ ಚೆನ್ನಾಗಿ ಕಾಣಲೆಂದು ಇಳಿಬಿಟ್ಟ ಬಟ್ಟೆಯ ಹಿಂದೆ, ತನ್ನ ಬೆನ್ನಿಗೇ, ಆ ದೀಪ ದಿನಾ ಸಂಜೆ ಹತ್ತಿ ಆರುತ್ತಿತ್ತು. ಗಂಡ ವಾಪಸ್ಸು ಬಂದು ಬಾಗಿಲಲ್ಲಿ ನಿಂತ. ಇಂಜಿನಿಯರ್ ಹುಡುಗಿಗೆ ಫೋನ್ ಮಾಡಿದಾಗ ಉಳಿದದ್ದೂ ತಿಳಿಯಿತು: ನೂರರ ತನಕದ ವೇಗಕ್ಕೆ ನಾಲ್ಕು ಎಳೆ ಸಾಕು, ಅದನ್ನು ದಾಟಬೇಕಾದರೆ ಎಂಟೂ ಬೇಕು, ಪಕ್ಕದ ಎಳೆಯಲ್ಲಿ ರಿಲೇ ಒದೆದಾಗಲೆಲ್ಲ ಲೈನು ಬೆಚ್ಚಿಬೀಳುತ್ತದೆ.

"ಕತ್ತರಿಸಿದ್ರೆ ಮುಗೀತಲ್ಲ," ಎಂದ ಗಂಡ.

"ತಗೊಳ್ಳಿ ಕತ್ತರಿ. ನಿಮ್ಮಪ್ಪನ ತಂತಿ, ನೀವೇ ಕತ್ತರಿಸಿ ನೋಡೋಣ."

ಗಂಡ ಕತ್ತರಿಯನ್ನು ನೋಡಿದ. ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದ.

ಅಂದು ಸಂಜೆ ಯಾಕಮ್ಮ ಕೆಲಸಕ್ಕೆ ರಜೆ ಹಾಕಿದಳು. ನೀಲಿ ಬಟ್ಟೆಯನ್ನು ಸರಿಸಿ, ಅತ್ತೆಯ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು ಬಲ್ಬನ್ನೇ ನೋಡುತ್ತಿದ್ದಳು. ಚಪ್ಪಲಿಯ ಸದ್ದು. ದೀಪ ಎರಡು ಸಲ ಮಿಟುಕಿತು. ಎದ್ದು ಮುಂದಿನ ಕೋಣೆಗೆ ಹೋದಳು. ಮಾವ ಬಾಗಿ ಚಪ್ಪಲಿ ಬಿಡುತ್ತಿದ್ದರು.

ಜೀವಮಾನವೆಲ್ಲ ಯಾಕೆ ಯಾಕೆ ಎಂದವಳಿಗೆ ಅಂದು ಆ ಪದ ಬಾಯಿಗೆ ಬರಲಿಲ್ಲ. "ಮಾವ, ದೀಪ ಹತ್ತಿತು," ಎಂದಳು.

ಮಾವ ತಲೆ ಎತ್ತಿ, "ಇನ್ನೂ ಹತ್ತುತ್ತಾ?" ಎಂದು ಕೇಳಿದರು.

ಅವರಿಗೇ ಗೊತ್ತಿರಲಿಲ್ಲ! ಆ ಕೋಣೆಗೆ ಕಾಲಿಟ್ಟಿದ್ದರಲ್ಲವೇ ಗೊತ್ತಾಗುವುದು? ದೀಪ ಇದೆಯೋ ಸತ್ತಿದೆಯೋ ತಿಳಿಯದೆ ದಿನವೂ ಒತ್ತುತ್ತಿದ್ದರು.

"ಅಭ್ಯಾಸ ಅಷ್ಟೇ," ಎಂದರು ಮಾವ, ಸೊಸೆಯ ಮುಖ ನೋಡದೆ. "ಹೇಳದೆ ಒಳಗೆ ಬಂದ್ರೆ ಅವಳು ಬೆಚ್ಚಿಬೀಳ್ತಿದ್ಲು. ಹಳೇ ವೈರನ್ನ ಇಲಿ ತಿಂದಿತ್ತು. ಹೊಸ ಕೇಬಲ್ಲಲ್ಲಿ ನಾಲ್ಕು ಎಳೆ ಸುಮ್ನೆ ಕೂತಿದ್ವು. ಲೈನ್‌ಮನ್ ಆದವನು ಎಳೆನ ಸುಮ್ನೆ ಕೂರಿಸ್ತಾನಾ? ನಮ್ಮ ಕಾಲದಲ್ಲಿ ಖಾಲಿ ಎಳೆ ಬಿಟ್ರೆ ಸಾಹೇಬ್ರು ಬೈತಿದ್ರು. ಅದಕ್ಕೇ ಅವಳ ದೀಪಕ್ಕೆ ಕೊಟ್ಟೆ. ಆಗ ನಾಲ್ಕೇ ಸಾಕಿತ್ತು."

"ಆಗ ಸಾಕಿತ್ತು ಮಾವ. ಈಗ ಎಂಟೂ ಬೇಕಂತೆ."

ಅವಳು ಬೇಕರಿಯವನ ಹೆಂಡತಿಯ ಕಥೆಯನ್ನು ಮೊದಲಿಂದ ಹೇಳಿದಳು: ನಿಂತುಹೋದ ಚಿತ್ರ, ಮಾಸ್ಕಿನ ಮುಖಗಳು, ಹೇಳದೆ ಕೇಳದೆ ಮೈಮುಟ್ಟಿದ ಕೈಗಳು, ತಾನು ಕೊಟ್ಟ ಮಾತು, ನಾಳೆಯ ಪರೀಕ್ಷೆ. ಮಾವ ಚಪ್ಪಲಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಕೇಳಿದರು.

"ಹೇಳದೆ ಮುಟ್ಟಿದ್ರಾ ಅವಳನ್ನ? ಹೆರಿಗೆ ಹೊತ್ತಲ್ಲಿ?"

"ಹೂಂ ಮಾವ."

"ಥೂ ಅವರ," ಎಂದು ಎದ್ದರು. "ನನ್ನ ಕಟಿಂಗ್ ಪ್ಲೈಯರ್ ಎಲ್ಲಿದೆ? ಆ ತಂತಿನ ಬೇರೆ ಯಾರೂ ಮುಟ್ಬೇಡಿ."

ಕೊನೆಯ ಕೋಣೆಯ ಹೊಸಿಲಲ್ಲಿ ಒಂದು ಗಳಿಗೆ ನಿಂತರು. ಮೂಲೆಯ ಮಿಷನ್ನು ನೋಡಿದರು, ಅದರ ಮೇಲೆ ಕೈ ಆಡಿಸಿದರು. ಆಮೇಲೆ ಕೆಲಸಗಾರನ ಮುಖ ಹೊತ್ತುಕೊಂಡು ನೆಲಕ್ಕೆ ಕೂತು ನಾಲ್ಕು ಎಳೆಗಳನ್ನು ಕತ್ತರಿಸಿದರು. ಮುಂದಿನ ಕೋಣೆಯಲ್ಲೂ ಹಾಗೆಯೇ ಬಿಡಿಸಿ, ಎರಡು ಕಡೆಯ ಸಾಕೆಟ್ಟಿಗೂ ಎಂಟೆಂಟು ಎಳೆ ಕೂರಿಸಿದರು. ಯಾಕಮ್ಮ ಡಬ್ಬಿಗಳನ್ನು ಚುಚ್ಚಿದಳು. ದೀಪ ಹಸಿರಾಗಲಿಲ್ಲ. ಕಿತ್ತಳೆಯೂ ಆಗಲಿಲ್ಲ. ಹತ್ತಲೇ ಇಲ್ಲ. ಇದ್ದ ತೊಂಬತ್ತೂ ಹೋಯಿತು!

"ಮಾವ, ಸಾಕೆಟ್ಟಿನ ಮೇಲೆ ಬಣ್ಣದ ಗುರುತು ಇದೆ. ಇಲ್ಲಿ ನೋಡಿ, ಹಸಿರು ಜೋಡಿ ಅಕ್ಕಪಕ್ಕ ಇಲ್ಲ, ನೀಲಿ ಜೋಡಿನ ಮಧ್ಯೆ ಬಿಟ್ಟು ಆಚೆ ಒಂದು ಈಚೆ ಒಂದು ಕೂತಿದೆ. ಯಾಕೆ?"

"ನನಗೆ ಬಣ್ಣ ಕಲಿಸ್ತೀಯಾ? ಜೋಡಿ ಅಂದ್ಮೇಲೆ ಅಕ್ಕಪಕ್ಕನೇ ಇರಬೇಕು. ಟೆಲಿಫೋನಲ್ಲಿ ನಾನು ಒಂದೇ ಒಂದು ಜೋಡಿನೂ ಅಗಲಿಸಿದವನಲ್ಲ."

"ಇಲ್ಲಿ ಅಗಲಿಸ್ತಾರಂತೆ ಮಾವ. ದೂರ ಕೂತ್ರೂ ಜೋಡಿ ಜೋಡಿನೇ ಅಂತೆ."

ಮಾವ ಕನ್ನಡಕ ಏರಿಸಿ ಸಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಗೊಣಗಿದರು. ಮತ್ತೆ ಎಲ್ಲ ಎಳೆಗಳನ್ನೂ ಬಿಚ್ಚಿ, ಸೊಸೆ ಹೇಳಿದ ಹಾಗೆ ಒಂದೊಂದಾಗಿ ಕೂರಿಸಿದರು. ಈ ಸಲ ದೀಪ ಹಸಿರಾಗಿ ಹತ್ತಿತು. ಸ್ಪೀಡು ನಾನೂರು ದಾಟಿ, ಇನ್ನೂ ಮೇಲೆ ಹೋಗಿ ನಿಂತಿತು.

"ನೋಡಿದ್ಯಾ, ನನ್ನ ತಂತಿಗೆ ದೋಷ ಇರಲಿಲ್ಲ," ಎಂದರು ಮಾವ. ಮೀಸೆ ಮಣ್ಣಾದರೂ ಮೀಸೆಯೇ.

"ದೀಪಕ್ಕೆ ಬೇರೆ ವೈರು ಎಳೆಯೋಣ್ವಾ ಮಾವ? ಈ ಕೇಬಲ್ಲಿಂದ ದೂರ, ಚಾವಣಿ ಮೇಲಿಂದ."

ಮಾವ ಪ್ಲೈಯರನ್ನು ಒರೆಸಿ ಜೇಬಿಗೆ ಹಾಕಿಕೊಂಡರು. "ಬೇಡ ಬಿಡು. ಉತ್ತರ ಬರದ ಮನೆಗೆ ಎಷ್ಟು ದಿನ ಅಂತ ಗಂಟೆ ಬಾರಿಸೋದು."

ಶುಕ್ರವಾರದ ಪರೀಕ್ಷೆ ಪಾಸಾಯಿತು. ಮುಂದಿನ ವಾರ ಒಂದು ಮಧ್ಯಾಹ್ನ ಬೇಕರಿಯವನ ಹೆಂಡತಿಗೆ ನೋವು ಶುರುವಾಯಿತು. ಯಾಕಮ್ಮ ನೀಲಿ ಬಟ್ಟೆಯ ಮುಂದೆ ಕೂತವಳು ಮುಗಿಯುವ ತನಕ ಏಳಲಿಲ್ಲ. ಈಗ ಸೂಜಿ ಚುಚ್ಚುತ್ತಾರೆ. ಈಗ ಬಲಗಡೆಯ ನರ್ಸ್ ನಿನ್ನ ಕಾಲು ಹಿಡಿಯುತ್ತಾಳೆ. ಈಗ ಮುಕ್ಕರಿಸು. ಒಂದು ಕ್ಷಣವೂ ಚಿತ್ರ ನಿಲ್ಲಲಿಲ್ಲ. ಕೊನೆಗೆ ಸ್ಪೀಕರಿನಲ್ಲಿ ಆ ಸದ್ದು ಬಂದಾಗ ಯಾಕಮ್ಮನ ಕಣ್ಣು ಮಂಜಾದರೂ ಕೈ ತಪ್ಪಲಿಲ್ಲ: ಹೆಣ್ಣುಮಗು, ಅಳುತ್ತಿದೆ, ತುಂಬಾ ಜೋರಾಗಿ ಅಳುತ್ತಿದೆ. ಮಂಚದ ಮೇಲಿನ ಹೆಂಗಸು ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಎಲ್ಲ ಒಳ್ಳೆಯದಾಯಿತು ಅನ್ನಿ. ಯಾಕಮ್ಮನಿಗೆ ಮಾತ್ರ ಸಂಜೆಯಾದರೆ ಸಂಕಟ. ಮಾವ ವಾಕಿಂಗ್ ಮುಗಿಸಿ ಬಂದು ಬಾಗಿಲ ಹೊರಗೆ ಸುಮ್ಮನೆ ನಿಲ್ಲುತ್ತಿದ್ದರು. ಕೈ ಸ್ವಿಚ್ಚಿನ ಕಡೆಗೆ ಏರಿ, ಅರ್ಧದಲ್ಲಿ ಇಳಿಯುತ್ತಿತ್ತು. ಆಮೇಲೆ ಯಾರಿಗೋ ಎಂಬಂತೆ "ಬಂದೆ" ಎಂದು ಒಂದು ಸಲ ಹೇಳಿ ಒಳಗೆ ಬಂದು ಕೂರುತ್ತಿದ್ದರು. ಮುಂದಿಟ್ಟ ಚಹಾ ಆರಿ ತಣ್ಣಗಾಗುತ್ತಿತ್ತು. ತಾನು ಮಾಡಿದ್ದು ಸರಿ ಎಂದು ಯಾಕಮ್ಮನಿಗೆ ಗೊತ್ತಿತ್ತು. ಸರಿಯಾದದ್ದು ಇಷ್ಟು ಯಾಕೆ ನೋಯಿಸುತ್ತದೆ ಎಂಬ ಪ್ರಶ್ನೆಗೆ ಬಿಚ್ಚಿ ನೋಡಲು ಯಾವ ಸಾಕೆಟ್ಟೂ ಇರಲಿಲ್ಲ.

ಹೀಗೇ ಒಂದು ಸಂಜೆ ಬೇಕರಿಯವನ ಹೆಂಡತಿ ಮಗುವನ್ನು ತೋರಿಸಲು ವೀಡಿಯೋ ಕರೆ ಮಾಡಿದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎರಡೂ ಕೈ ಬಿಡುವು ಮಾಡಿಕೊಂಡು ಹರಟುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕಣ್ಣು ಯಾಕಮ್ಮನ ಭುಜದ ಆಚೆಗೆ ಹೋಯಿತು. ಯಾಕಮ್ಮ ಪರದೆಯ ಮೂಲೆಯ ತನ್ನದೇ ಚಿತ್ರದಲ್ಲಿ ನೋಡಿದಳು. ಹಿಂದೆ, ನೀಲಿ ಬಟ್ಟೆಯ ಪಕ್ಕದ ಅಡುಗೆಮನೆ ಬಾಗಿಲಲ್ಲಿ ಮಾವ ನಿಂತಿದ್ದರು, ಹೆಗಲ ಮೇಲಿನ ಟವೆಲ್ಲನ್ನೂ ತೆಗೆಯದೆ.

ಇವರು ಯಾರು ಎಂದು ಆಕೆ ಕೈಯಲ್ಲಿ ಕೇಳಿದಳು. ನನ್ನ ಮಾವ, ಆ ತಂತಿಯನ್ನು ಸರಿಮಾಡಿದವರು, ಎಂದಳು ಯಾಕಮ್ಮ. ಬೇಕರಿಯವನ ಹೆಂಡತಿಯ ಮುಖ ಅರಳಿತು. ಮಗುವನ್ನು ಎತ್ತಿ ತೋರಿಸಿದಳು. ಆಮೇಲೆ, ಊರವರೆಲ್ಲ ಬಂದು ಮಗು ನೋಡಿಹೋದ ಮೇಲೆ ಬಂದ ಮುದುಕರನ್ನು ಗೇಲಿ ಮಾಡುವವಳ ಹಾಗೆ, ಎಡಗೈಯ ಮಣಿಕಟ್ಟಿಗೆ ಬೆರಳಲ್ಲಿ ಬಡಿದು ಹುಬ್ಬು ಏರಿಸಿದಳು.

ಯಾಕೆ ತಡ?

ಯಾಕಮ್ಮನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಪರದೆಯ ಮೂಲೆಯಲ್ಲಿ ಮಾವ ಟವೆಲ್ಲನ್ನು ತೆಗೆದು ಮಿಷನ್ನಿನ ಮೇಲಿಟ್ಟು, ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಪಕ್ಕಕ್ಕೆ ಉರುಳಿಸಿದರು.

ಕಂಬ ಬಿದ್ದಿತ್ತು.

ಬೇಕರಿಯವನ ಹೆಂಡತಿ ಸದ್ದಿಲ್ಲದೆ ಮೈಯೆಲ್ಲ ಕುಲುಕಿಸಿ ನಕ್ಕಳು. ಮಾವ ಸ್ಟೂಲನ್ನು ಎಳೆದುಕೊಂಡು ಸೊಸೆಯ ಪಕ್ಕದಲ್ಲಿ ಕೂತು, "ಯಾಕಮ್ಮ, ನನ್ನ ಚಹಾ ಇಲ್ಲಿಗೇ ತಂದ್ಬಿಡು," ಎಂದರು.